ಕುಂಟು ಕೈಯ ಎರಡು ಚುಕ್ಕಿ

ದೀಪ ಸ್ವಲ್ಪ ಸಣ್ಣದು ಮಾಡಿ. ಕಿಟಕಿ ಹಾಕಿದೀರಿ ತಾನೆ? ಇದು ಅವರಿವರು ಹೇಳಿದ್ದಲ್ಲ... ನಮ್ಮ ಹಿಂದಿನ ಮನೆಯ ಸಂಪ್ಸಾನಿಗೆ ಆದದ್ದು.

ನವೆಂಬರ್ ತಿಂಗಳು. ಬಂದರಿನ ಹತ್ತಿರದ ರೇಡಿಯೋ ಕ್ಲಬ್ಬಿನಿಂದ ಸಂಪ್ಸಾ ಹೊರಟಾಗ ರಾತ್ರಿ ಹನ್ನೊಂದೂವರೆ. ಹಿಮವೂ ಅಲ್ಲದ, ಮಳೆಯೂ ಅಲ್ಲದ ಹಾಳು ಕೆಸರು ಸುರಿಯುತ್ತಿತ್ತು. ಮನೆಗೆ ಬರಬೇಕಾದರೆ ಹಳೇ ಬಾವಿ ದಾಟಬೇಕು. ಮರದ ಮುಚ್ಚಳ ಹಾಕಿ, ಮೇಲೆ ಕಲ್ಲು ಹೇರಿದ ಬಾವಿ. ಅವನಿಗೆ ಹೆದರಿಕೆ ಇರಲಿಲ್ಲ. ಹೆದರೋಕೂ ಮೈಯಲ್ಲಿ ಶಕ್ತಿ ಬೇಕಲ್ಲ!

ಹಗಲೆಲ್ಲ ಮರದ ಮಿಲ್ಲು. ರಾತ್ರಿಯಾದರೆ ಆ ಪ್ರೋಗ್ರಾಮು. ರೇಡಿಯೋದಲ್ಲಿ ಚುಕ್ಕಿ-ಗೆರೆಯಾಗಿ ಬರುವ ಮೋರ್ಸ್ ಸದ್ದು ಕೇಳಿ, ಕಂಪ್ಯೂಟರ್ ಪರದೆ ಮೇಲೆ ಅಕ್ಷರ ಮಾಡಿಕೊಡುವಂಥದ್ದು. ಅವನೇ ಬರೆದು ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟದ್ದು. ಒಳಗಿನ ಬರಹವನ್ನೂ ಬಿಚ್ಚಿಟ್ಟಿದ್ದ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದುವವರು ನಾಲ್ಕು ಜನ, ಬೈಯುವವರು ನಾನೂರು.

ಬೇಸಿಗೆಯಿಂದ ಒಂದೇ ದೂರು. "ಈ ಇಪ್ಪತ್ತು ಸಾಲು ಯಾವ ಪುಣ್ಯಾತ್ಮ ಬರೆದ? ಬರೀ ಗಾಳಿ ಸದ್ದಿನಲ್ಲೂ ಅಕ್ಷರ ತೋರಿಸ್ತದೆ. ತೆಗೀರಿ!"

ಆ ಸಾಲು ಬರೆದದ್ದು ಓಯ್ವಾ ಅಜ್ಜನಿಗಾಗಿ. ಸಂಪ್ಸಾನಿಗೆ ಮೋರ್ಸ್ ಕಲಿಸಿದವನೇ ಅವನು. ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ಎಡಗೈಯಲ್ಲಿ ಮೋರ್ಸ್ ಕಳಿಸುವ ಕೀ ಒತ್ತುವುದು ಕಲಿತ. ಚುಕ್ಕಿ ಸರಿಯಾಗಿ ಬರುತ್ತಿತ್ತು, ಗೆರೆ ಮಾತ್ರ ಕುಂಟುತ್ತಿತ್ತು. ಅರ್ಥವಾಗದೆ ಜನ ಅವನ ಜೊತೆ ಮಾತೇ ಬಿಟ್ಟರು. ಸಂಪ್ಸಾ ಕೂತು, ಆ ಕುಂಟು ಕೈ ಓದುವುದನ್ನು ಯಂತ್ರಕ್ಕೆ ಕಲಿಸಿದ. ಮುದುಕ ಮತ್ತೆ ಹರಟೆಗೆ ಬಂದ.

ಮಾರ್ಚಿನಲ್ಲಿ ಓಯ್ವಾ ತೀರಿಕೊಂಡ. ಆ ರಾತ್ರಿಯೂ ಇವನ ಜೊತೆಯೇ ರೇಡಿಯೋದಲ್ಲಿ ಮಾತಾಡುತ್ತಿದ್ದ... ಈ ಮೋರ್ಸಿನವರಲ್ಲಿ ಒಂದು ಪದ್ಧತಿ ಇದೆ. ಮಾತು ಮುಗಿದಾಗ ಒಬ್ಬರು 'ಡಿಟ್ ಡಿಟ್' ಅಂತ ಎರಡು ಚುಕ್ಕಿ ಒತ್ತುತ್ತಾರೆ. ಇನ್ನೊಬ್ಬರು ತಿರುಗಿ ಒತ್ತಬೇಕು. ಆಮೇಲೇ ಏಳುವುದು. ಸಂಪ್ಸಾ ಅವತ್ತು ಸುಸ್ತಾಗಿ ಮೇಜಿನ ಮೇಲೇ ತಲೆಯಿಟ್ಟು ನಿದ್ದೆ ಹೋದ. ಬೆಳಗ್ಗೆ ಎದ್ದರೆ ಪರದೆಯಲ್ಲಿ ಇತ್ತು: "ನಿದ್ದೆ ಬಂತಾ ಮಗಾ? ಮಲಗು." ಅದರ ಕೆಳಗೆ ಎರಡು ಚುಕ್ಕಿ. ಅದರ ಕೆಳಗೆ ಎರಡು... ನಲವತ್ತು ನಿಮಿಷ. ಆಮೇಲೆ ಏನೂ ಇಲ್ಲ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಂಟು ತಿಂಗಳು ನೆಟ್ಟಗೆ ನಿದ್ದೆಯನ್ನೂ ಮಾಡಿರಲಿಲ್ಲ.

ಆ ನವೆಂಬರ್ ಸಂಜೆ ಕ್ಲಬ್ಬಿನಲ್ಲಿ ಕೂತು, ಸಾಕಪ್ಪಾ ಅಂತ ಇಪ್ಪತ್ತೂ ಸಾಲು ಅಳಿಸಿದ. ಅಷ್ಟು ಹೊತ್ತಿಗೆ ಓಯ್ವಾನ ಹೆಂಡತಿ ಹಿಲ್ಕ ಬಂದಳು. ಗಂಡ ಒತ್ತುತ್ತಿದ್ದ ಹಿತ್ತಾಳೆಯ ಮೋರ್ಸ್ ಕೀ ಅವಳ ಕೈಯಲ್ಲಿತ್ತು.

"ತಗೋ. ಇದು ಮನೇಲಿದ್ರೆ ನಂಗೆ ನಿದ್ದೆ ಹತ್ತಲ್ಲ."

"ಯಾಕೆ ಹಿಲ್ಕಜ್ಜಿ?"

ಪಿಸುಗುಟ್ಟಿದಳು. "ಬಡಕೊಳ್ತದೆ ಕಣೋ. ಟಿಕ್ ಟಿಕ್... ಅಷ್ಟೇ."

"ಇಲಿ ಇರ್ಬೇಕು."

"ಎರಡು ಸಲ ಬಡಿದು ಉತ್ತರಕ್ಕೆ ಕಾಯೋ ಇಲೀನ ನಾ ಕಂಡಿಲ್ಲಪ್ಪ." ಅವನ ಮುಖ ನೋಡಿದಳು. "ನಿನ್ನ ಅವತಾರವೋ! ಉಪ್ಪಲ್ಲಿಟ್ಟ ಮೀನು ನಿನಗಿಂತ ಲಕ್ಷಣವಾಗಿರ್ತದೆ. ಏನೋ ಮುಚ್ಚಿಡ್ತಿದೀಯ ನೀನು."

"ಸುಸ್ತು ಅಜ್ಜಿ. ಏನಿಲ್ಲ."

ಕೀಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟವನು ಬಾವಿಯ ಹತ್ತಿರ ಬಂದ. ಗಾಳಿ ನಿಂತಿತು. ಮುಚ್ಚಳದ ಸರಪಳಿ ಒಮ್ಮೆ ಕಿಣ್ ಅಂತು. ಆಮೇಲೆ... ಕೆಳಗಿನಿಂದ...

ಟಿಕ್. ಟಿಕ್.

ನೀರು ತೊಟ್ಟಿಕ್ಕುತ್ತಿರಬೇಕು ಅಂದುಕೊಂಡ. ತೊಟ್ಟಿಕ್ಕುವ ನೀರು ಎರಡಕ್ಕೇ ನಿಲ್ಲುತ್ತದೆಯೇ?

ಟಿಕ್. ಟಿಕ್.

ಈ ಸಲ ಜೇಬಿನೊಳಗೆ. ತೊಡೆಗೆ ತಾಗಿ ಎರಡು ಸಲ ಒತ್ತಿತು.

ಓಡಲಿಲ್ಲ ಅವನು. ಅಲ್ಲೇ ನಿಂತು ಮೆಲ್ಲಗೆ ಅಂದ, "ಕೇಳಿಸ್ತು ಅಜ್ಜಾ. ಮನೆಗೆ ಹೋಗ್ತಿದೀನಿ. ಒಂಚೂರು ತಾಳು."

ಬೂಟು ಬಿಚ್ಚದೆ ರೇಡಿಯೋ ಹಾಕಿದ. ಸೊಂಯ್ಯೋ ಅನ್ನುವ ಗಾಳಿ, ನಡುನಡುವೆ ಉಪ್ಪು ಹುರಿದ ಹಾಗೆ ಚಟಪಟ. ಕಂಪ್ಯೂಟರ್ ಪರದೆ ಖಾಲಿ. ಓದುವ ಸಾಲು ಅವನೇ ಅಳಿಸಿದ್ದನಲ್ಲ. ಕಿವಿಗೆ ಮಾತ್ರ ಬಂತು... ಎಳೆದೂ ಎಳೆದೂ ಒತ್ತುವ ಕುಂಟು ಕೈ. ಮೊದಲು ಸಂಪ್ಸಾನ ರೇಡಿಯೋ ಗುರುತು, ಆಮೇಲೆ ಮಾತು.

"ನಿದ್ದೆ ಬಂತಾ ಮಗಾ? ಮಲಗು." ಡಿಟ್. ಡಿಟ್.

ಹಿತ್ತಾಳೆಯ ಕೀಗೆ ತಂತಿ ಜೋಡಿಸಿದ. ಒತ್ತಿದ. ಡಿಟ್. ಡಿಟ್.

ಆಮೇಲೆ ಬರೀ ಗಾಳಿ. ಸಂಪ್ಸಾ ಮರುದಿನ ಮಧ್ಯಾಹ್ನದವರೆಗೆ ಮಲಗಿದ. ಎದ್ದವನೇ ಅಳಿಸಿದ ಸಾಲು ವಾಪಸ್ಸು ಹಾಕಿ, ಬೈದವರಿಗೆಲ್ಲ ಒಂದೇ ಉತ್ತರ ಬರೆದ: "ಇವು ಇಲ್ಲೇ ಇರ್ತವೆ. ಬೇಡದವರು ನಿಮ್ಮ ನಿಮ್ಮ ಪ್ರತಿಯಲ್ಲಿ ಅಳಿಸಿಕೊಳ್ಳಿ."

ನಿದ್ದೆಗಣ್ಣಲ್ಲಿ ಏನೋ ಕೇಳಿಸಿಕೊಂಡ ಅಂತೀರಿ. ನಾನೂ ಹಾಗೇ ಅಂದೆ. ಆದರೆ ಮೂರು ವಾರಕ್ಕೆ ಸಮುದ್ರದಾಚೆಯ ಫ್ಯಾರೋ ದ್ವೀಪದಿಂದ ಅಂಚೆಯಲ್ಲಿ ಅವನಿಗೆ ಒಂದು ಕಾರ್ಡು ಬಂತು. ರೇಡಿಯೋದಲ್ಲಿ ತಾವು ಮಾತಾಡದೆ ಬೇರೆಯವರ ಮಾತು ಕೇಳುವುದೇ ಹವ್ಯಾಸವಾದವರು ಇರುತ್ತಾರೆ. ರೇಡಿಯೋ ಗುರುತಿನಿಂದ ವಿಳಾಸ ಹುಡುಕಿ, ಕೇಳಿಸಿದ್ದನ್ನು ಹೀಗೆ ಬರೆದು ತಿಳಿಸುತ್ತಾರೆ. ಯಾರೋ ಹೆಂಗಸು, ಸಂಪ್ಸಾನನ್ನು ಕಂಡವಳಲ್ಲ, ಓಯ್ವಾನ ಹೆಸರು ಕೇಳಿದವಳಲ್ಲ. ಕಾರ್ಡಿನಲ್ಲಿ ಅದೇ ತಾರೀಕು, ಅದೇ ಹೊತ್ತು. ಮನೆಯಲ್ಲಿ ಇಟ್ಟುಕೊಳ್ಳಲಾರೆ ಅಂತ ಸಂಪ್ಸಾ ಅದನ್ನು ನನಗೆ ಕೊಟ್ಟ. ಅಗೋ, ಕಾಫಿ ಡಬ್ಬದ ಹಿಂದಿದೆ, ಅಂಚೆ ಮುದ್ರೆ ಸಮೇತ. ತಂದು ನೀವೇ ಓದಿ.

"ನೀವಿಬ್ಬರೂ ಮಾತು ಮುಗಿಸಿದ್ದು ಕೇಳಿಸಿತು. ಎಳೆದು ಒತ್ತುವವರದು ಪಕ್ಕದ ಕೋಣೆಯಿಂದ ಬಂದಷ್ಟು ಜೋರು. ನಿಮ್ಮದೇ ಬಹಳ ದೂರದಿಂದ ಬಂದ ಹಾಗಿತ್ತು."