ಅಂಚಿನಲ್ಲೊಂದು ಸುಳಿ

"ಹಲೋ... ಹಾಂ, ಹೌದು, ಟೀಚರೇ. ಯಾರು ಮಾತಾಡೋದು?..."

ಟೀಚರ್ ಶಾಲೆಯಿಂದ ಬಂದು ಆಗಷ್ಟೇ ಚಪ್ಪಲಿ ಬಿಟ್ಟಿದ್ದರು. ಆ ಮನೆಯಲ್ಲಿ ಫೋನು ಬಡಿದುಕೊಳ್ಳುವುದೇ ಅಪರೂಪ. ಬಡಿದುಕೊಂಡರೂ ಯಾರೋ ಇನ್ಯಾರನ್ನೋ ಕೇಳುತ್ತಿರುತ್ತಾರೆ. ಹಾಗಾಗಿ 'ರಾಂಗ್ ನಂಬರ್' ಎನ್ನುವ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು.

"ಯಾರ ತಾಯಿ ಅಂದ್ರಿ?... ಓ, ಚಿನ್ನಿಯ ಅಮ್ಮನಾ. ಕಿಟಕಿ ಪಕ್ಕ ಕೂರ್ತಾಳಲ್ಲ, ಅವಳೇ ಅಲ್ವಾ? ಹುಷಾರಾಗಿದ್ದಾಳೆ ತಾನೆ?..."

"ಕ್ಷಮೆನಾ? ಯಾತಕ್ಕೆ?... ನಿಧಾನವಾಗಿ ಹೇಳಿ, ಲೈನ್ ಸರಿಯಿಲ್ಲ, ಅರ್ಧಂಬರ್ಧ ಕೇಳಿಸ್ತಿದೆ..."

"ಹಾಂ, ಪಾಠದ ಹಾಳೆ. ಅದರ ಅಂಚಲ್ಲಿ ಬರೀರಿ ಅಂತ ಹೇಳಿದ್ದೇ ನಾನು. ಗೀಚಿ ಹಾಳು ಮಾಡಿದ್ದಲ್ಲ ಅದು. ಸುಮ್ನೆ ಕಣ್ಣಾಡಿಸ್ಕೊಂಡು ಹೋದ್ರೆ ಓದಿದ್ದು ಒಂದು ಕಿವೀಲಿ ಬಂದು ಇನ್ನೊಂದರಲ್ಲಿ ಹೋಗುತ್ತೆ. ಕೈಯಲ್ಲಿ ಪೆನ್ಸಿಲ್ ಇದ್ರೆ ಅಲ್ಲಲ್ಲಿ ನಿಂತು ಓದ್ತಾರೆ. ಅರ್ಥ ಆಗದ ಕಡೆ ಪ್ರಶ್ನೆ ಚಿಹ್ನೆ. ಒಪ್ಪಿಗೆ ಇಲ್ಲದ ಕಡೆ 'ಯಾಕೆ?' ಅಂತ ಬರೀಬೇಕು, ಕಥೆ ಬರೆದವರ ಹತ್ರ ಜಗಳಕ್ಕೆ ನಿಂತ ಹಾಗೆ. ಒಬ್ಬ ಮಹಾನುಭಾವ ಶೀರ್ಷಿಕೆ ಪಕ್ಕಾನೂ 'ಯಾಕೆ?' ಅಂತ ಬರೆದಿದ್ದಾನೆ..."

"ಸುಳಿನಾ?... ಹಾಂ, ಪೆನ್ಸಿಲಲ್ಲಿ ಸುತ್ತಿ ಸುತ್ತಿ... ಅದರ ಪಕ್ಕ ಏನಿದೆ? 'ಟೀಚರ್' ಅಂತ ಬರೆದಿದ್ದಾಳಾ?..."

"ಏನು? ತಲೆ ಕೆಟ್ಟಿದೆ ಅಂತಾನಾ? ಕಿವಿ ಪಕ್ಕ ಬೆರಳು ತಿರುಗಿಸಿ ತೋರಿಸ್ತೀವಲ್ಲ, ಆ ಥರ ಅಂದ್ಕೊಂಡ್ರಾ?..."

ಟೀಚರಿಗೆ ನಗು ತಡೆಯಲಾಗಲಿಲ್ಲ. ಆ ಕೋಣೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು. ತಮ್ಮ ನಗು ತಮಗೇ ಜೋರಾಗಿ ಕೇಳಿಸಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹೊಡೆದಿಲ್ಲ ತಾನೆ?... ಬೈದ್ರಾ. ಪಾಪ. ಸುಳಿಯ ಅರ್ಥಾನೇ ಬೇರೆ ಅಮ್ಮಾ. ಓದ್ತಾ ಓದ್ತಾ 'ಅರೆ, ಇದು ನಂಗೆ ಗೊತ್ತಿರೋರ ಥರಾನೇ ಇದೆಯಲ್ಲ' ಅನ್ನಿಸಿದ್ರೆ ಅಲ್ಲೊಂದು ಸುಳಿ ಹಾಕಿ, ಅದು ಯಾರು ಅಂತ ಬರೀರಿ ಅಂದಿದ್ದೆ. ಅತ್ತೆ, ಮಾವ, ಅಂಗಡಿಯವರು, ಯಾರಾದ್ರೂ ಸರಿ. ಪ್ರಶ್ನೆ ಚಿಹ್ನೆ ಎಲ್ಲರೂ ಹಾಕ್ತಾರೆ, ಸುಳಿ ಹಾಕೋಕೆ ಮಾತ್ರ ಯಾರಿಗೂ ಧೈರ್ಯ ಇಲ್ಲ. ನಾನು ಕಂಡ ಹಾಗೆ ಇಡೀ ತರಗತೀಲಿ ನಿಮ್ಮ ಮಗಳೊಬ್ಬಳೇ ಹಾಕಿರೋದು..."

"ಅಂದ ಹಾಗೆ ಯಾವ ಸಾಲಿನ ಪಕ್ಕ? ಸ್ವಲ್ಪ ಓದಿ ಹೇಳ್ತೀರಾ?..."

ಪಾಠ ಒಬ್ಬ ರೈಲ್ವೆ ಗೇಟ್ ಕಾಯುವವನದು. ಅವನು ಗೇಟಿನ ಕೆಳಗೆ ನುಸುಳುವವರ ಮೇಲೆಲ್ಲ ರೇಗುತ್ತಾನೆ. ಆ ಸಾಲೇ ಇರಬೇಕು, ರೇಗುವುದರಲ್ಲಿ ತಾನೇನು ಅವನಿಗಿಂತ ಕಡಿಮೆಯೇ ಎಂದು ಟೀಚರ್ ಮನಸ್ಸಿನಲ್ಲೇ ಒಪ್ಪಿಕೊಂಡರು.

"ಹಾಂ... 'ಬೀಗ ಹಾಕುವ ಮೊದಲು ಅವನು ಖಾಲಿ ಕೋಣೆಯ ಕಡೆ ತಿರುಗಿ, ಬರ್ತೀನಿ ಎಂದ'... ಆ ಸಾಲಾ..."

"ಇಲ್ಲ, ಲೈನಲ್ಲೇ ಇದ್ದೀನಿ..."

ತಲೆ ಕೆಟ್ಟಿದೆ ಎಂದೇ ಬರೆದಿದ್ದರೆ ಎಷ್ಟೋ ವಾಸಿಯಿತ್ತು. ದಿನವೂ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಟೀಚರ್ ತರಗತಿಯ ದೀಪ ಆರಿಸಿ, ಬಾಗಿಲಲ್ಲಿ ನಿಂತು, ಬೆಂಚುಗಳಿಗೆ 'ಬರ್ತೀನಿ' ಎನ್ನುತ್ತಿದ್ದರು. ಅದು ಇನ್ನೊಬ್ಬರ ಕಿವಿಗೆ ಬಿದ್ದಿರಬಹುದು ಎಂದು ಅವರು ಎಣಿಸಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ದುಃಖವೂ ಬಂತು. ಮನೆಯ ಆ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಮಡಿಸದ ಬಟ್ಟೆಗಳು ಕೂತಿದ್ದವು.

"ಏನಂದ್ರಿ? ಸುಳ್ಳು ಬರೆದಿದ್ದಾಳೆ ಅಂತಾನಾ?... ರಬ್ಬರ್ ಕೊಟ್ಟು ಕೂರಿಸಿದ್ದೀರಾ?..."

'ಹೌದು, ಏನೋ ಮಕ್ಕಳ ಕಲ್ಪನೆ' ಎಂದು ನಕ್ಕುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಟೀಚರ ಮಾನ ಉಳಿಯುತ್ತಿತ್ತು. ಆದರೆ ಆ ಹುಡುಗಿ ಇನ್ನೆಂದೂ ಅಂಚಿಗೆ ಪೆನ್ಸಿಲ್ ತಾಗಿಸುತ್ತಿರಲಿಲ್ಲ.

"ಬೇಡ. ಅಳಿಸೋದು ಬೇಡ. ಅವಳು ಬರೆದಿರೋದು ನಿಜ..."

"ನಿಜ ಅಂದೆ. ಖಾಲಿ ಬೆಂಚುಗಳಿಗೆ ದಿನಾ ಬರ್ತೀನಿ ಅಂತ ಹೇಳೇ ಬರ್ತೀನಿ ನಾನು..."

"ಮನೇಲಾ? ಮನೇಲಿ ಯಾರೂ ಇಲ್ಲ... ಮೊದ್ಲು ತಂಗಿ ಇದ್ಲು. ನಾನು ಬರ್ತೀನಿ ಅಂದ್ರೆ ಒಳಗಿಂದಾನೇ 'ಹೂಂ, ಹೋಗ್ಬಾ' ಅನ್ನೋಳು. ಎಷ್ಟೇ ಜಗಳ ಆಡಿದ್ರೂ ಅದೊಂದು ತಪ್ಪಿಸ್ತಿರಲಿಲ್ಲ. ಈಗಿಲ್ಲ ಅವಳು. ಅಭ್ಯಾಸ ಬಿಡಬೇಕಲ್ಲ, ಅದು ಬಿಡಲ್ಲ..."

"ಅಯ್ಯೋ, ನೀವ್ಯಾಕಮ್ಮಾ ಸಾರಿ ಕೇಳ್ತೀರಿ... ಒಂದು ನಿಮಿಷ ಚಿನ್ನಿಗೆ ಕೊಡ್ತೀರಾ?..."

"ಚಿನ್ನಿ... ಅಳಬೇಡ ಕಂದ, ಬೈಯೋಕಲ್ಲ. ರಬ್ಬರ್ ಕೆಳಗಿಡು. ಇಟ್ಯಾ?... ನಿನ್ನ ಸುಳಿ ಸರಿಯಾದ ಜಾಗದಲ್ಲೇ ಇದೆ. ನಾಳೆ ಹಾಳೆ ಹಾಗೇ ತಗೊಂಡು ಬಾ, ಆಯ್ತಾ?..."

"ಆದ್ರೂ ಒಂದು ಹೇಳು. ನಿಂಗೆ ಹೇಗೆ ಗೊತ್ತಾಯ್ತು?..."

"ನೀರಿನ ಬಾಟ್ಲಿ ಮರೆತು ವಾಪಸ್ ಬಂದಿದ್ಯಾ... ಹಾಂ... ಬಾಗಿಲ ಹಿಂದೆ ನಿಂತಿದ್ಯಾ..."

"ಏನು? ಕಟ್ಟಾಗ್ತಿದೆ. ನೀನೂ ಏನೋ ಅಂದ್ಯಾ? ಸ್ವಲ್ಪ ಜೋರಾಗಿ ಹೇಳು..."

"'ಹೂಂ, ಹೋಗ್ಬನ್ನಿ' ಅಂದ್ಯಾ?..."

ಟೀಚರ್ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಆ ಕುರ್ಚಿಯ ಮೇಲೆ ಕೂತರು.

"ನಂಗೆ ಕೇಳಿಸ್ಲೇ ಇಲ್ಲ ಪುಟ್ಟಾ. ಅಷ್ಟು ಮೆಲ್ಲಗೆ ಅಂದ್ರೆ ಹೇಗೆ ಕೇಳಿಸುತ್ತೆ ಹೇಳು..."

"ಇನ್ನೊಂದ್ಸಲ ಹೇಳ್ತೀಯಾ? ಮೊದ್ಲು ನಾನು ಹೇಳ್ತೀನಿ, ಆಮೇಲೆ ನೀನು. ಹಾಂ?... ಬರ್ತೀನಿ..."

"ಚಿನ್ನಿ?... ಹಲೋ?..."

ಲೈನ್ ಕಟ್ಟಾಗಿತ್ತು.