ಹೋಳಿಗೆ ತಿಂದವರು ಯಾರು

ಮಯೂರ್ ವಿಹಾರ್‌ನ ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿಯ ಮಾತು ಕನ್ನಡದಲ್ಲಿ ಕೇಳಿಸಿತು. ಗಂಡನ ಬೂಟಿನ ಸದ್ದು ಅತ್ತಿಂದಿತ್ತ ಓಡಾಡುತ್ತಿತ್ತು.

“ರೀ, ಕೂತ್ಕೊಳ್ಳಿ. ಎಷ್ಟು ಓಡಾಡ್ತೀರ?”

“ಸರ್ಕಾರದವರು ನನ್ನ ಆತ್ಮಕಥೆ ವಾಪಸ್ ಕಳಿಸಿದ್ದಾರೆ, ವತ್ಸಲಾ. ರಾಯಭಾರಿ ಆಗಿದ್ದವನು ಅವರಿಗೆ ತೋರಿಸದೆ ಅಚ್ಚು ಹಾಕಿಸೋ ಹಾಗಿಲ್ಲವಲ್ಲ. ಒಂದು ಅಧ್ಯಾಯ ತೆಗೀಬೇಕಂತೆ.”

“ಅಚ್ಛಾ, ಯಾವುದು?”

“ನಮ್ಮನೆ ಊಟದ್ದು. ಪಕ್ಕದ ದೇಶದ ಮಂತ್ರಿ ಗುಟ್ಟಾಗಿ ಬಂದಿದ್ದರಲ್ಲ, ಅದು.”

“ಇಡೀ ಪುಸ್ತಕದಲ್ಲಿ ನಾನಿರೋದು ಅದೊಂದರಲ್ಲೇ ಅಲ್ವೇನ್ರೀ?”

ಬೂಟಿನ ಸದ್ದು ನಿಂತಿತು.

“ಸರ್ಕಾರದ ಲೆಕ್ಕದಲ್ಲಿ ಅವರು ಬಂದೇ ಇಲ್ಲ ಕಣೇ.”

“ಹಾಗಾದ್ರೆ ನನ್ನ ಹೋಳಿಗೆ ತಿಂದವರು ಯಾರು? ಮೇಲೆ ತುಪ್ಪ ಬೇರೆ ಕೇಳಿ ಹಾಕಿಸ್ಕೊಂಡ್ರು!”

“ಮೆಲ್ಲಗೆ! ಯಾರಾದ್ರೂ ಕೇಳಿಸ್ಕೊಂಡಾರು.”

“ಈ ಹಿಂದಿ ಊರಲ್ಲಿ ಯಾರಿಗೆ ಕನ್ನಡ ಬರುತ್ತೆ?”

ನಾನು ಕಣ್ಣು ತೆರೆಯಲಿಲ್ಲ.

“ಮುನ್ನುಡಿಲಿ ನಿನ್ನ ಹೆಸರು ಹಾಕ್ತೀನಿ, ಕೃತಜ್ಞತೆ ಅಂತ.”

“ಗಂಟುಮೂಟೆ ಕಟ್ಟಿ ಕಟ್ಟಿ ನಿಮ್ಮ ಜೊತೆ ದೇಶ ದೇಶ ಅಲೆದಿದ್ದಕ್ಕೆ ಒಂದು ಕೃತಜ್ಞತೆನಾ? ಬೇಡ. ಮಂತ್ರೀನ ತೆಗೀರಿ, ಊಟ ಉಳಿಸಿ.”

“ತಿಂದವರು ಯಾರು ಅಂತ ಬರೀಲಿ ಮತ್ತೆ?”

ನರ್ಸ್ ಅವರನ್ನು ಒಳಗೆ ಕರೆದಳು.

“ನೀವೇ ತಿಂದ್ರಿ ಅಂತ ಬರೀರಿ. ಚೆನ್ನಾಗಿತ್ತು ಅಂತ ನಿಮ್ಮ ಬಾಯಲ್ಲಿ ಒಂದು ಸಲನಾದ್ರೂ ಬಂದ ಹಾಗಾಗುತ್ತೆ. ಚಲೋ, ನಡೀರಿ.”

ಚಪ್ಪಲಿಯ ಸದ್ದು ಒಳಗೆ ಹೋಯಿತು. ಬೂಟಿನ ಸದ್ದು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು.