ಫೋನ್ ಮಾಡದೆ ಹೋದ ಬುಧವಾರ

ಈ ಸಭೆಯ ಅಧ್ಯಕ್ಷರೂ ಈ ಕಟ್ಟಡದ ಮಾಲೀಕರೂ ಆದ ಹಿರಿಯರೇ, ವೇದಿಕೆಯ ಮೇಲಿರುವ ಮ್ಯಾನೇಜರರೇ, ಮೊದಲ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ನನ್ನ ಕಂಪನಿಯ ಯಜಮಾನರೇ, ಹೊಲಿಗೆ ಯಂತ್ರ ನಿಲ್ಲಿಸಿ ನಾಲ್ಕೂ ಮಹಡಿಗಳಿಂದ ಇಳಿದು ಬಂದಿರುವ ಸಭಿಕರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನನ್ನ ಒಡನಾಟವೆಲ್ಲ ಬೆಂಕಿ ಆರಿಸುವ ಸಿಲಿಂಡರುಗಳ ಜೊತೆ. ಅವು ಬಾಯಿಬಿಡುವುದು ಒಂದೇ ಸಲ, ಅದೂ ಅರ್ಧ ನಿಮಿಷ. ಅಷ್ಟು ಚುಟುಕಾಗಿ ಮುಗಿಸುವುದು ನನ್ನಿಂದಾಗದು.

ಈ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಒಂದು ಕಿಡಿಯೂ ಬೀಳಲಿಲ್ಲ ಎಂದು ಅಧ್ಯಕ್ಷರು ಹೇಳಿದರು. ಅದಕ್ಕೆ ವರ್ಷವರ್ಷವೂ ತಪಾಸಣೆಗೆ ಬರುವ ನಾನೇ ಕಾರಣ ಎಂದು ಈ ಫಲಕ ಕೊಟ್ಟರು. ನನ್ನ ಮಾತು ಮುಗಿದ ಮೇಲೆ ಈ ವರ್ಷದ ಸುರಕ್ಷತಾ ಪ್ರಮಾಣಪತ್ರಕ್ಕೆ ನಾನು ಇಲ್ಲಿಯೇ, ನಿಮ್ಮೆದುರಿಗೇ ಸಹಿ ಹಾಕಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿದೆ. ಪೆನ್ನು ಕೂಡ ಇಟ್ಟಿದ್ದಾರೆ. ಒಳ್ಳೆಯ ಪೆನ್ನು.

ಕಿಡಿ ಬೀಳಲಿಲ್ಲ ಎಂಬುದು ನಿಜ. ಕಾರಣ ನಾನು ಎಂಬುದು ನಿಜವೇ?

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ತಪಾಸಣೆಗೆ ಹೋಗುವ ಹಿಂದಿನ ದಿನ ಫೋನ್ ಮಾಡುತ್ತೇವೆ. ಅದು ಮರ್ಯಾದೆ. ನಾನು ಕೆಲಸಕ್ಕೆ ಸೇರಿದ ವಾರವೇ ನಮ್ಮ ಯಜಮಾನರು ಹೇಳಿದ್ದರು: "ಗಿರಾಕಿ ಮನೆಗೆ ನೆಂಟರ ಹಾಗೆ ಹೋಗ್ಬೇಕಮ್ಮ, ಪೊಲೀಸರ ಹಾಗಲ್ಲ." ನೆಂಟರು ಬರುತ್ತಾರೆಂದರೆ ಯಾರು ತಾನೇ ಮನೆ ಗುಡಿಸುವುದಿಲ್ಲ? ಹನ್ನೊಂದು ವರ್ಷ ನಾನು ಸೋಮವಾರ ಫೋನ್ ಮಾಡಿ ಮಂಗಳವಾರ ಬಂದೆ. ಪ್ರತಿ ಸಲವೂ ಮೂರನೇ ಮಹಡಿಯ ಹಿಂಬಾಗಿಲು ತಳ್ಳಿದೆ. ಪ್ರತಿ ಸಲವೂ ತೆರೆಯಿತು. ಕಬ್ಬಿಣದ ಮೆಟ್ಟಿಲು, ಕೆಳಗೆ ಅಂಗಳ, ಗಾಳಿ. "ಸರಿಯಿದೆ" ಎಂದು ಬರೆದೆ.

ಈ ವರ್ಷ ಸಿಲಿಂಡರು ತೂಗುವ ತಕ್ಕಡಿಯನ್ನು ಮೂರನೇ ಮಹಡಿಯಲ್ಲಿ ಮರೆತುಹೋದೆ. ಬುಧವಾರ ಅದನ್ನು ಒಯ್ಯಲು ಬಂದೆ. ತಕ್ಕಡಿ ಒಯ್ಯುವುದಕ್ಕೆ ಯಾರು ಫೋನ್ ಮಾಡುತ್ತಾರೆ? ನೆಟ್ಟಗೆ ಮೇಲೆ ಹತ್ತಿದೆ. ಹಿಂಬಾಗಿಲಿಗೆ ಸರಪಳಿ. ಹೆಬ್ಬೆರಳಿನಷ್ಟು ದಪ್ಪದ ಕೊಂಡಿಗಳು, ನನ್ನ ಅಂಗೈ ಅಗಲದ ಬೀಗ. ಬಾಗಿಲಿಗೆ ಒರಗಿಸಿ ಬಟ್ಟೆಯ ಮೂಟೆಗಳನ್ನು ಸೊಂಟದೆತ್ತರ ಪೇರಿಸಿದ್ದರು.

ಮ್ಯಾನೇಜರರು ಬಂದರು. ಅವರು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. "ಏನ್ಮಾಡೋದು ಮೇಡಂ, ಆ ಬಾಗಿಲು ತೆಗೆದಿಟ್ರೆ ಶರ್ಟುಗಳು ಮೆಟ್ಲಿಳ್ಕೊಂಡು ನಡೆದೇ ಹೋಗ್ತವೆ" ಎಂದರು.

"ಶರ್ಟಿಗೇ ಕಾಲು ಬಂದಿವೆ ಅಂದ್ರೆ ಜನಕ್ಕೆ ಹುಟ್ಟಿದಾಗ್ಲಿಂದ ಇವೆ ಸಾರ್" ಎಂದೆ. "ಕೀಲಿ ಎಲ್ಲಿ?"

"ನನ್ನ ಡ್ರಾಯರಲ್ಲಿ."

"ಡ್ರಾಯರ್ ಕೀಲಿ?"

"ನನ್ನ ಜೇಬಲ್ಲಿ."

"ನೀವು ಈಗ ಎಲ್ಲಿಂದ ಬರ್ತಿದ್ದೀರಿ?"

"ಊಟಕ್ಕೆ ಮನೆಗೆ ಹೋಗಿದ್ದೆ."

ನಗಬೇಡಿ. ಅಥವಾ ನಗಿ, ನನಗೂ ನಗು ಬಂತು. ನಗು ನಿಂತ ಮೇಲೆ ಎಣಿಸಿದೆ. ಆ ಮಹಡಿಯಲ್ಲಿ ನೂರ ಹನ್ನೆರಡು ಹೆಂಗಸರು. ಮುಂಬಾಗಿಲು ಒಂದು, ಅದರ ಪಕ್ಕದಲ್ಲೇ ಇಸ್ತ್ರಿಯ ಮೇಜುಗಳು. ಬೆಂಕಿ ಹುಟ್ಟುವುದಾದರೆ ಎಲ್ಲಿ ಹುಟ್ಟುತ್ತದೆ? ನಿಮ್ಮ ಮನೆಯಲ್ಲಿ ಎಲ್ಲಿ ಹುಟ್ಟುತ್ತದೋ ಅಲ್ಲಿಯೇ: ಬಿಸಿ ಇರುವಲ್ಲಿ, ಆತುರ ಇರುವಲ್ಲಿ.

ಆ ಮಹಡಿಯಲ್ಲಿ ನನ್ನ ಸ್ವಂತ ಅಕ್ಕ ಕೆಲಸ ಮಾಡುತ್ತಾಳೆ. ಇದನ್ನು ಹೇಳಬಾರದೆಂದು ನಿಶ್ಚಯಿಸಿಕೊಂಡು ಬಂದಿದ್ದೆ. ಹೇಳಿಬಿಟ್ಟೆ.

ಅಂದು ಸಂಜೆ ಅವಳ ಮನೆಗೆ ಹೋಗಿ ಕೂಗಾಡಿದೆ. "ಇಷ್ಟು ವರ್ಷ ನನಗ್ಯಾಕೆ ಹೇಳ್ಲಿಲ್ಲ?" ಅವಳು ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. "ಸೋಮವಾರ ಮಧ್ಯಾಹ್ನ ಬೀಗ ತೆಗೀತಾರೆ, ಮೂಟೆ ಎತ್ತಿಸ್ತಾರೆ. ಬುಧವಾರ ಬೆಳಿಗ್ಗೆ ಮತ್ತೆ ಹಾಕ್ತಾರೆ. ನಿಂಗೆ ಗೊತ್ತು ಅಂದ್ಕೊಂಡಿದ್ದೆ ಕಣೇ. ಎಲ್ರೂ ಹಾಗೇ ಅಂದ್ಕೊಂಡಿದ್ದಾರೆ" ಎಂದಳು.

ಸಭಿಕರೇ, ನನಗೆ ಗೊತ್ತಿರಲಿಲ್ಲ ಎಂದು ಅವಳಿಗೆ ಆಣೆ ಮಾಡಿ ಹೇಳಿದೆ. ಆದರೆ ಆ ಬಾಗಿಲ ಹಿಡಿಯ ಮೇಲೆ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು. ಕೈ ತಾಗಿ ಸವೆದ ಹಿಡಿ ನುಣುಪಾಗಿರುತ್ತದೆ. ಇದರಲ್ಲಿ ಗೀರುಗಳಿದ್ದವು. ಈ ಕೆಲಸದಲ್ಲಿ ಊರೆಲ್ಲ ಸುತ್ತಿ ಹದಿನೆಂಟು ವರ್ಷ ಬಾಗಿಲು ನೋಡಿದವಳಿಗೆ ಸರಪಳಿಯ ಗೀರು ತಿಳಿಯುವುದಿಲ್ಲವೇ? ನಾಲ್ಕು ವರ್ಷದಿಂದ ಆ ಗೀರುಗಳನ್ನು ನೋಡಿದ್ದೇನೆ. ಒಂದು ವರ್ಷ ಬೆರಳಿಟ್ಟು ಸವರಿಯೂ ಇದ್ದೇನೆ. ಆಮೇಲೆ "ಸರಿಯಿದೆ" ಎಂದು ಬರೆದೆ. ನೆಂಟರು ಮಂಚದ ಕೆಳಗೆ ಬಗ್ಗಿ ನೋಡುವುದಿಲ್ಲವಲ್ಲ!

ಆದ್ದರಿಂದ ಈ ಫಲಕವನ್ನು ಇಲ್ಲಿಯೇ ಬಿಟ್ಟುಹೋಗುತ್ತೇನೆ. ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲ. ಬುಧವಾರ ಕಂಡದ್ದನ್ನೂ, ನಾಲ್ಕು ವರ್ಷ ಕಂಡೂ ಬರೆಯದೆ ಬಿಟ್ಟದ್ದನ್ನೂ ಎರಡು ಪುಟ ಬರೆದು ಇಂದು ಬೆಳಿಗ್ಗೆ ಅಗ್ನಿಶಾಮಕ ಇಲಾಖೆಗೆ ಕೊಟ್ಟು ಬಂದಿದ್ದೇನೆ. ಅವರಿಂದ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದೇನೆ. ಯಜಮಾನರೇ, ಗಡಿಯಾರ ಬಿಟ್ಟು ಈಗ ನನ್ನನ್ನು ನೋಡುತ್ತಿದ್ದೀರಿ, ಸಂತೋಷ.

ಬೀಗ ನಾಳೆಯೇ ತೆಗೆಸುತ್ತೇವೆ ಎಂದು ಮ್ಯಾನೇಜರರು ನಾನು ವೇದಿಕೆ ಹತ್ತುವಾಗ ಕಿವಿಯಲ್ಲಿ ಹೇಳಿದರು. ತೆಗೆಸುತ್ತಾರೆ, ನಂಬುತ್ತೇನೆ. ಹನ್ನೊಂದು ಸಲ ತೆಗೆಸಿದ್ದಾರೆ.

ನನ್ನ ಅಕ್ಕ ಯಾರೆಂದು ಹುಡುಕಬೇಡಿ. ಅವಳದು ಅಮ್ಮನ ಮೂಗು, ನನ್ನದು ಅಪ್ಪನ ಬಾಯಿ, ಹೋಲಿಕೆ ಸಿಗುವುದಿಲ್ಲ. ಆ ಮಹಡಿಯ ಕೆಲಸದವರೆಲ್ಲ ನನಗೆ ಅಕ್ಕಂದಿರೇ. ಒಬ್ಬಳನ್ನು ಕೆಲಸದಿಂದ ತೆಗೆಯಬೇಕೆಂದಿದ್ದರೆ ನೂರ ಹನ್ನೆರಡು ಜನರನ್ನೂ ತೆಗೆಯಿರಿ. ಆಮೇಲೆ ಶರ್ಟುಗಳು ತಮ್ಮನ್ನು ತಾವೇ ಹೊಲಿದುಕೊಳ್ಳಲಿ.

ನಾನು ಸಹಿ ಹಾಕದಿದ್ದರೆ ಒಂದನೇ ತಾರೀಖಿನಿಂದ ಕೆಲಸಕ್ಕೆ ಬರಬೇಕಾಗಿಲ್ಲ ಎಂದು ನಮ್ಮ ಯಜಮಾನರು ನಿನ್ನೆ ಹೇಳಿದರು. ಒಳ್ಳೆಯದು. ಕಂಪನಿಯ ಕಡೆಯಿಂದ ಬರುವುದಿಲ್ಲ. ಅಕ್ಕನಿಗೆ ಮಧ್ಯಾಹ್ನದ ಊಟದ ಡಬ್ಬಿ ತರುವ ತಂಗಿಯಾಗಿ ಬರುತ್ತೇನೆ. ಇಂಥ ದಿನ ಎಂದಿಲ್ಲ. ಮುಂದಿನ ಮೆಟ್ಟಿಲಲ್ಲಿ ಹತ್ತುತ್ತೇನೆ, ಡಬ್ಬಿ ಕೊಡುತ್ತೇನೆ, ಹಿಂದಿನ ಮೆಟ್ಟಿಲಲ್ಲಿ ಇಳಿದುಹೋಗುತ್ತೇನೆ. ಇಳಿಯಲಾಗದ ದಿನ ಅಲ್ಲಿಯೇ, ಆ ಬಾಗಿಲ ಮುಂದೆ, ಮೂಟೆಯ ಮೇಲೆ ಕುಳಿತುಕೊಳ್ಳುತ್ತೇನೆ. ನನ್ನನ್ನು ಎಬ್ಬಿಸಲು ಬರುವವರು ಕೀಲಿ ಹಿಡಿದುಕೊಂಡೇ ಬನ್ನಿ.

ಇಷ್ಟು ಹೊತ್ತು ಯಾರೂ ಮೈಕಿನ ತಂತಿ ಕೀಳಲಿಲ್ಲ, ಅದಕ್ಕೆ ನಿಮ್ಮೆಲ್ಲರಿಗೂ ಕೃತಜ್ಞಳು. ಅಕ್ಕಂದಿರೇ, ನಮಸ್ಕಾರ.